ಎಂಟು ಚಮಚದ ಲೆಕ್ಕ

6-3-79, ತುಮಕೂರು
ಗುಬ್ಬಿಯಿಂದ ಈಗ ಬಂದೆ. ಚನ್ನವೀರಯ್ಯನವರ ಅಕ್ಕಿ ಗಿರಣಿಯ ಬಾಯ್ಲರ್ ಇಂಗ್ಲಿಷರ ಕಾಲದ್ದು, ಶಾಖದ ಲೆಕ್ಕವೆಲ್ಲ ಹಳೇ ಅಳತೆ ಬಿ.ಟಿ.ಯು.ನಲ್ಲಿ. ನಾನು ಮಾರುವ ಬರ್ನರ್‌ನದು ಕಿಲೋಕ್ಯಾಲೊರಿ. ಹನ್ನೆರಡು ಲಕ್ಷವನ್ನು ನಾಲ್ಕರಿಂದ ಭಾಗಿಸಿ ಮೂರು ಲಕ್ಷ ಅಂದೆ, ಬಾಯಿಲೆಕ್ಕದಲ್ಲೇ.
"ಖಲೀಲ್ ಸಾಬ್ರೇ, ಯಾವ ಕಾಲೇಜು?"
"ಏಳನೇ ಕ್ಲಾಸು ಫೇಲು, ಸ್ವಾಮಿ."
ಆರ್ಡರ್ ಸಿಕ್ಕಿತು.
ಹೆಂಡತಿ ರಹಿಮಾಳ ಮೂಗಿಗೆ ಊಟದ ನಳಿಗೆ ಹಾಕಿ ಎರಡು ದಿನ. ಗಂಟಲ ಕೆಳಗೆ ಗಡ್ಡೆ, ನುಂಗಲಾರಳು. ಡಾಕ್ಟರ್ ಸೀತಾರಾಮಯ್ಯ ಹೇಳಿದ್ದಾರೆ — ದಿನಕ್ಕೆ ಸಾವಿರದ ಆರುನೂರು ಕ್ಯಾಲೊರಿ. ತಿಂಗಳಲ್ಲಿ ತೂಕ ಏರಿದರೆ ಆಪರೇಷನ್. ಇಲ್ಲದಿದ್ದರೆ ಕೈ ಹಾಕುವುದಿಲ್ಲ. (ಡಾಕ್ಟರುಗಳು 'ಕಿಲೋ' ನುಂಗಿ ಬರೀ ಕ್ಯಾಲೊರಿ ಅನ್ನುತ್ತಾರೆ. ಅದೂ ಗೊತ್ತು ನನಗೆ.)

7-3-79
ಅವಳ ತಮ್ಮ ಮಕ್ಸೂದ್ ದುಬೈನಿಂದ ಕಳಿಸಿದ ಹಾಲುಪುಡಿ ಬಂತು. ಆಸ್ಟ್ರೇಲಿಯಾ ಮಾಲು. ಚಮಚಕ್ಕೆ 200 ಕಿಲೋಜೂಲ್ ಅಂತ ಡಬ್ಬಿಯ ಮೇಲಿದೆ. ಜೂಲ್ ಅಂದರೆ ಕ್ಯಾಲೊರಿಗೇ ಹೊಸ ಹೆಸರಿರಬೇಕು, ನಯಾಪೈಸೆ ಬರೀ ಪೈಸೆ ಆದಂತೆ. ಹಾಗಾದರೆ ದಿನಕ್ಕೆ ಎಂಟು ಚಮಚ. ಬರೆದು ಗೋಡೆಗೆ ಅಂಟಿಸಿದೆ.

13-3-79
"ಹಸಿವು ರೀ..."
"ನಾಲಿಗೆಗೆ ರುಚಿ ಸಿಗ್ತಿಲ್ಲ, ಅದಕ್ಕೆ ಹಂಗನ್ಸುತ್ತೆ ಕಣೇ. ಲೆಕ್ಕದ ಪ್ರಕಾರ ಹೊಟ್ಟೆ ತುಂಬ ಉಂಡಿದೀಯ."
"ಹಂಗಾದ್ರೆ ಲೆಕ್ಕ ಉಂಡಿರ್ಬೇಕು. ನಾನಂತೂ ಉಂಡಿಲ್ಲ."
ಇಬ್ಬರೂ ನಕ್ಕೆವು. ಮಗಳು ಬಾನು ಒಂಬತ್ತನೇ ಚಮಚಕ್ಕೆ ಕೈ ಹಾಕಿದಳು. ಗದರಿದೆ.

24-3-79
ನಲವತ್ತೊಂದು ಕಿಲೋ ಇದ್ದವಳು ಮೂವತ್ತೇಳು. "ಹೇಳಿದಷ್ಟೂ ಕೊಡ್ತಿದೀರಾ?" ಅಂದರು ಡಾಕ್ಟರ್. "ಒಂದು ಹನಿ ಕಮ್ಮಿ ಇಲ್ಲ ಸಾರ್." ಹಾಗಾದರೆ ಗಡ್ಡೆಯೇ ತಿನ್ನುತ್ತಿದೆ ಅಂದರು.

29-3-79, ಕುಣಿಗಲ್
ಇಲ್ಲಿನ ಗಿರಣಿಗೂ ಮೂರು ಲಕ್ಷ ಕಿಲೋಕ್ಯಾಲೊರಿ ಬೇಕು. ಮೆಕ್ಯಾನಿಕ್ ರಾಮಾಂಜಿನಯ್ಯ ಫಾರಿನ್ ಕ್ಯಾಟಲಾಗ್ ತೋರಿಸಿದ. ಹನ್ನೆರಡೂವರೆ ಲಕ್ಷ ಕಿಲೋಜೂಲ್.
"ಗಿರಣಿ ಸುಡೋಕೇನಯ್ಯ? ನಾಲ್ಕು ಪಟ್ಟು ದೊಡ್ಡದು."
"ಸರ್ಯಾಗೈತಲ್ಲ ಸಾಬ್ರೇ! ನಾಲ್ಕು ಜೂಲಿಗೆ ಒಂದು ಕ್ಯಾಲೊರಿ. ನಿಮಗೆ ನಾನು ಹೇಳಿಕೊಡ್ಬೇಕಾ?"
ನಗುತ್ತಲೇ ಇದ್ದ.
ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಎಂಟು ಚಮಚವಲ್ಲ, ಮೂವತ್ತಮೂರು. ಕಾಲು ಪಾಲು ಕೊಟ್ಟಿದ್ದೇನೆ. ಇಪ್ಪತ್ತಮೂರು ದಿನ.

30-3-79
ಡಾಕ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಒರೆಸಿದರು, ಅಷ್ಟೆ. ಒಮ್ಮೆಲೇ ಕೊಟ್ಟರೆ ಅಪಾಯ, ನಿಧಾನ ಏರಿಸಿ ಅಂದರು. ಮನೆಯಲ್ಲಿ, ಡಾಕ್ಟರ್ ಡೋಸ್ ಜಾಸ್ತಿ ಮಾಡಿದ್ದಾರೆ ಅಂದೆ. ಬಾನು ಗೋಡೆಯ ಚೀಟಿ ನೋಡಿದಳು, ನನ್ನನ್ನು ನೋಡಿದಳು.

11-4-79
ಎಷ್ಟು ಕೊಟ್ಟರೂ ವಾಪಸ್ ಬರುತ್ತಿದೆ. ಮೂವತ್ತನಾಲ್ಕು ಕಿಲೋ. ಆಪರೇಷನ್ ಮಾತು ಇನ್ನು ಬೇಡ ಅಂದುಬಿಟ್ಟರು ಡಾಕ್ಟರ್.
ಪಕ್ಕದ ಮನೆ ಕಮಲಾಕ್ಷಮ್ಮ ಬಂದಿದ್ದರು. ರಹಿಮಾ ಅವರ ಕೈ ಹಿಡಿದು ಹೇಳುತ್ತಿದ್ದಳು — "ನಮ್ಮೋರು ಒಂದು ದಿನಾನೂ ಅಳತೆ ತಪ್ಪಲಿಲ್ಲ ಕಣಮ್ಮ. ನಾನೇ ಸುಮ್ನೆ ಹಸಿವು ಹಸಿವು ಅಂತ ಅವರ ಪ್ರಾಣ ತಿಂದೆ."
ಬಾಗಿಲ ಹೊರಗೇ ನಿಂತಿದ್ದೆ.
ಈಗ ಎದ್ದಿದ್ದಾಳೆ, ಕರೆಯುತ್ತಿದ್ದಾಳೆ. ಹೋಗಿ ಹೇಳಬೇಕು. ಸುಮ್ಮನೆ ಅಲ್ಲ ಕಣೇ, ನಿನಗೆ ನಿಜವಾಗಿಯೂ—