ಕೈಬಿಟ್ಟ ಹತ್ತೊಂಬತ್ತು ಚಿತ್ರಗಳು

೭ ಮೇ ೨೦೨೪, ಬೀಜಾಡಿ
ಅಮ್ಮ ಮೀನು ಮಾರಲು ಹೊರಟಳು. ನಾನು ಥೀಸಿಸ್ ತೆರೆದೆ. ಕೊನೆಯ ಅಧ್ಯಾಯ. ಪರಮ ಶೂನ್ಯ ತಾಪದ ಅಂಚಿಗೆ ತಣಿಸಿದ ಪರಮಾಣುಗಳು, ಲೇಸರ್ ಬೆಳಕಿನಲ್ಲೇ ಕಟ್ಟಿದ ಸಾಲುಮನೆ. ಬೆಳಕನ್ನು ಒಂದು ಸುತ್ತು ತಿರುಗಿಸಿದರೆ ಗುಂಪು ಸರಿಯಾಗಿ ಒಂದು ಮನೆ ಸರಿಯುತ್ತದೆ. ದಾರಿಯಲ್ಲಿ ಅಡ್ಡಿ ಹಾಕಿದರೂ ಒಂದೇ ಮನೆ. ಎಷ್ಟು ಅಡ್ಡಿಯವರೆಗೆ? ನಾವು ಹಾಕಿದಷ್ಟಕ್ಕೂ — ನನ್ನ ಪೇಪರ್ ಹಾಗೆ ಹೇಳುತ್ತದೆ.
ಒಂದು ಸಾಲೂ ಬರೆಯಲಾಗಲಿಲ್ಲ.

೮ ಮೇ
ಅಮ್ಮ ರತೀಶನನ್ನು ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ನೋಡಿದಳಂತೆ. ಲ್ಯಾಬಿನಲ್ಲಿ ನನ್ನ ಜೂನಿಯರ್, ನಮ್ಮ ಕಡೆಯವನೇ. ಜನವರಿಯಲ್ಲಿ ಪಿಎಚ್‌ಡಿ ಬಿಟ್ಟ. ನನ್ನ ಪ್ರಯೋಗವನ್ನೇ ಮುಂದುವರಿಸಬೇಕಿತ್ತು. ಅಡ್ಡಿ ಹೆಚ್ಚಿಸಿದಾಗಲೆಲ್ಲ ಅವನಿಗೆ ಒಂದು ಮನೆಯ ಬದಲು ಅರ್ಧ ಹೆಜ್ಜೆಯೇ ಬರುತ್ತಿತ್ತು. ಕೈ ಪಳಗಿಲ್ಲ ಎಂದು ಗೈಡ್ ಎಲ್ಲರೆದುರು ಅಂದರು. ನಾನು ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ.
ನನಗೂ ಅರ್ಧ ಬಂದಿತ್ತು. ಪರಮಾಣು ಗುಂಪಿನ ಹತ್ತೊಂಬತ್ತು ಚಿತ್ರ. ಲೇಸರ್ ಸರಿಯಿರಲಿಲ್ಲ ಎಂದು ಬರೆದು ಕೈಬಿಟ್ಟೆ. ಲೇಸರ್ ಪರೀಕ್ಷಿಸಿಯೇ ಇರಲಿಲ್ಲ.

೧೩ ಮೇ, ಸಂಜೆ
ಗಂಗೊಳ್ಳಿಗೆ ಹೋದೆ. ಪ್ಲಾಂಟ್ ಅವನ ಅಣ್ಣನದು. ರತೀಶ ಮೊದಲು ಚಾ ತರಿಸಿದ. ಅದೇ ಕಷ್ಟವಾಯಿತು... ಎಲ್ಲ ಹೇಳಿದೆ. ಅವನು ಲೋಟ ಕೆಳಗಿಟ್ಟ.
"ನಾ ಎರಡ್ ವರ್ಷ ನನ್ ಕೈಯೇ ಸಮ ಇಲ್ಲೆ ಅಂದ್ಕಂಡಿದ್ದೆ ದಿವ್ಯಕ್ಕ. ನೀವ್ ಎದುರಿಗೇ ಇದ್ರಿ ಅಲ್ದಾ?"
"ಇದ್ದಿದ್ದೆ."
"ನಂಗ್ ಹೇಳಿ ಎಂತ ಆತ್? ಗೈಡಿಗ್ ಹೇಳಿ."
ಕ್ಷಮೆ ಕೇಳಿದೆ. ಆಯಿತು ಅನ್ನಲಿಲ್ಲ. ಲಾರಿ ಬಂತು, ಎದ್ದು ಹೋದ.

೧೪ ಮೇ
ಅಮ್ಮನಿಗೆ ಹೇಳಿದೆ. ಪರಮಾಣು ಅವಳಿಗೆ ಬೇಡ. ರತೀಶನ ವಿಷಯ ಪೂರ್ತಿ ಕೇಳಿದಳು. ನನ್ನ ಡಾಕ್ಟರೇಟ್ ಹೋಗುತ್ತದೆಯೇ ಎಂದಳು. ಹೋಗಬಹುದು ಅಂದೆ.
"ಹೋರೆ ಹೋಯ್ಲಿ. ಅವಂದ್ ಹೋಯ್ತ್ ಅಲ್ದಾ."
ಹನ್ನೊಂದಕ್ಕೆ ಗೈಡ್‌ಗೆ ಮೇಲ್ ಹಾಕಿದೆ. ಹತ್ತೊಂಬತ್ತೂ ಚಿತ್ರ ಜೊತೆಗೆ. ರತೀಶನ ಅಳತೆ ಸರಿ, ನನ್ನ ಪೇಪರ್ ಹಿಂಪಡೆಯಬೇಕು ಎಂದು. ರತೀಶನಿಗೂ ಒಂದು ಪ್ರತಿ.

೧೭ ಮೇ
ಗೈಡ್ ಫೋನ್. ಬೈಯಲಿಲ್ಲ. ಪೇಪರ್ ಹಿಂಪಡೆಯುತ್ತಾರೆ. ನನ್ನ ಥೀಸಿಸ್ ಸದ್ಯಕ್ಕೆ ನಿಂತಿತು. ಆ ಅರ್ಧ ಹೆಜ್ಜೆ ಎಲ್ಲಿಂದ ಶುರುವಾಗುತ್ತದೆ ಎನ್ನುವುದೇ ಈಗ ನಿಜವಾದ ಪ್ರಶ್ನೆಯಂತೆ. ರತೀಶನನ್ನು ಮರಳಿ ಕರೆದಿದ್ದಾರೆ. ಬರುವುದಿಲ್ಲ ಅಂದನಂತೆ.
ನಾನೇ ಫೋನ್ ಮಾಡಿದೆ. ಹೋಗು ಅಂದೆ.
"ಆ ರೂಮಿಗ್ ಹೋಪ್ಕೆ ನಂಗ್ ಮನ್ಸೇ ಬತ್ತಿಲ್ಲೆ ದಿವ್ಯಕ್ಕ."
ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಇನ್ನೊಮ್ಮೆ ಕ್ಷಮೆ ಕೇಳಬಹುದಿತ್ತು.