ನಾಲ್ಕನೇ ನಂಬರಿನ ಉತ್ತರ

ಸೆಪ್ಟೆಂಬರ್ 4, ಬೆಳಿಗ್ಗೆ 7.10
ಗ್ರೂಪಿನ ಕ್ಯೂನಲ್ಲಿ ಅಪ್ರೂವ್ ಆಗಬೇಕಾದ 41 ಪೋಸ್ಟ್. ಬಾತ್‌ರೂಮ್ ಲೈನಲ್ಲಿ ನಿಂತೇ 23 ಮುಗಿಸಿದೆ. ಬೈಗುಳ ಇದ್ರೆ ಡಿಲೀಟ್, ಫೋನ್ ನಂಬರ್ ಇದ್ರೆ ಡಿಲೀಟ್, ಉಳಿದದ್ದು ಅಪ್ರೂವ್. ರೂಮ್‌ಮೇಟ್ — "ಏನಮ್ಮಾ ಪುಕ್ಕಟೆ ವಾಚ್‌ಮನ್, ಗೇಟ್ ತೆಗೆದ್ರಾ?" ನಗಲಿ. ಹಾಸ್ಟೆಲಲ್ಲಿ ಒಬ್ಬೊಬ್ಬರೇ ಅಳೋ ಮಕ್ಕಳ ಆನ್‌ಲೈನ್ ಗ್ರೂಪ್ ಇದು. ಒಂಬತ್ತನೇ ಕ್ಲಾಸಲ್ಲಿ ನಾನೂ ಇಲ್ಲೇ ಬರೆದಿದ್ದೆ — ಬ್ಯಾಗ್ ತುಂಬಿದೀನಿ, ಕಾಂಪೌಂಡ್ ಹಾರಿ ಹೋಗ್ತೀನಿ ಅಂತ. ಗ್ರೂಪ್ ಶುರು ಮಾಡಿದವಳು ಗೂಬಕ್ಕ. ಪ್ರೊಫೈಲಲ್ಲಿ ಗೂಬೆ, ಮುಖ ಇವತ್ತಿಗೂ ನೋಡಿಲ್ಲ. ಅವಳ ಉತ್ತರ ಬಂತು: "ನೀನು ಬರೆದದ್ದನ್ನ ಎರಡು ಸಲ ಓದಿದೆ, ಮರಿ. ಇವತ್ತೊಂದು ದಿನ ಇದ್ದುಬಿಡು." ಇದ್ದುಬಿಟ್ಟೆ. ಅದಕ್ಕೇ ಈ ವಾಚ್‌ಮನ್ ಕೆಲಸ.

ಸೆಪ್ಟೆಂಬರ್ 6
ಗೂಬಕ್ಕನ ಮೆಸೇಜ್! "ಇನ್ಮೇಲೆ ನೀನು ಸೀನಿಯರ್ ಮಾಡರೇಟರ್, ಮರಿ. ಮಕ್ಕಳಿಗೆ ಉತ್ತರ ನೀನೇ ಕೊಡು. ಎಲ್ಲಾ ಓಪನ್ ಮಾಡಿದೀನಿ." ಈಗ ಪ್ರತಿ ಹೆಸರಿನ ಕೆಳಗೂ ಒಂದು ಹಳದಿ ಚೌಕ ಕಾಣುತ್ತೆ — ಮಾಡರೇಟರ್‌ಗಳು ತಮ್ತಮ್ಮಲ್ಲೇ ಬರ್ಕೊಳ್ಳೋ ನೋಟ್. ಅಮ್ಮನಿಗೆ ಫೋನ್ ಮಾಡಿ ಕುಣಿದೆ. "ಅದಿರ್ಲಿ, ಟೆಸ್ಟಿಗೆ ಓದಿದ್ಯೇನೇ?"

ಸೆಪ್ಟೆಂಬರ್ 7, ಲ್ಯಾಬ್ ಬ್ರೇಕ್
ಅವತ್ತು ಪೋಸ್ಟ್ ಹಾಕಿದ್ದ ನನ್ನ ಹಳೇ ಹೆಸರು ಹುಡುಕಿದೆ. ಹುಡುಕಬಾರದಿತ್ತು.
ಗೂಬಕ್ಕನ ನೋಟ್: "ಅಳುಮುಂಜಿ. ದಿನಾ ಇದೇ ಗೋಳು. 4 ಹಾಕಿ ಸಾಕು." ಕೆಳಗೆ ಇನ್ಯಾರೋ — ಹಹಹ.
4 ಅಂದ್ರೆ? ರೆಡಿ ಉತ್ತರಗಳ ಲಿಸ್ಟ್ ಇದೆ, ಹನ್ನೊಂದು. ನಾಲ್ಕನೇದು — "ನೀನು ಬರೆದದ್ದನ್ನ ಎರಡು ಸಲ ಓದಿದೆ, ಮರಿ..." ಒಂದು ಕಾಮಾನೂ ಹೆಚ್ಚುಕಮ್ಮಿ ಇಲ್ಲ. ಪಕ್ಕದಲ್ಲಿ: ಬಳಸಿದ್ದು 1,312 ಸಲ.
ಒಂದ್ಸಲನಾದ್ರೂ ಓದಿದ್ಳಾ?
ಲ್ಯಾಬಲ್ಲಿ ರೀಡಿಂಗ್ ತಪ್ಪು ಬರೆದೆ. ಸರ್ ಬೈದ್ರು. ಬೈಲಿ.

ಸೆಪ್ಟೆಂಬರ್ 12
ಕ್ಯೂ ಮುಟ್ಟಿರಲಿಲ್ಲ. ಇವತ್ತು ಕೇಳಿಯೇಬಿಟ್ಟೆ.
"ಅಕ್ಕಾ, ಅವತ್ತು ನನ್ನ ಪೋಸ್ಟ್ ಓದಿದ್ರಾ?"
"ಯಾವ್ದು ಮರಿ?"
"ಕಾಂಪೌಂಡ್..."
ಟೈಪಿಂಗ್... ನಿಂತಿತು... ಟೈಪಿಂಗ್...
"ದಿನಕ್ಕೆ ಇನ್ನೂರು ಜನ ಅಳ್ತಾರೆ. ಎಲ್ಲರದ್ದೂ ಓದ್ತಾ ಕೂತ್ರೆ ನಾನು ಬದುಕೋದು ಬೇಡ್ವಾ? ನೀನು ಉಳ್ಕೊಂಡೆ ತಾನೇ? ಇನ್ನೇನು?"
"ಅಳುಮುಂಜಿ ಅಂತ ಬರೆದಿದ್ದು?"
"ಅಯ್ಯೋ, ಅದು ನಮ್ಮೊಳಗಿನ ತಮಾಷೆ. ಈಗ ನೀನೂ ಒಳಗಿನವಳೇ ಅಲ್ವಾ!"
ಉಳ್ಕೊಂಡಿದ್ದು ನಿಜ — ಅದೇ ಉರಿ. ಈ ಕೆಲಸ ಬಿಡ್ತೀನಿ ಅಂದೆ.
"ಸರಿ. ನಾಳೆ ಸಂಜೆ ಆರಕ್ಕೆ ಮಾಡರೇಟರ್ ಲಿಸ್ಟಿಂದ ಹೆಸರು ತೆಗೀತೀನಿ."
ಅಷ್ಟೇ. ಮರಿ ಅನ್ನಲೂ ಇಲ್ಲ.

ಸೆಪ್ಟೆಂಬರ್ 13, ಸಂಜೆ 5.20
ಕೊನೇ ಸಲ ಅಂತ ಕ್ಯೂ ತೆಗೆದೆ. ಮೇಲೇ ಒಂದು ಮಗುವಿನ ಪೋಸ್ಟ್, ಆರನೇ ಕ್ಲಾಸು. ಒಂಬತ್ತು ದಿನದಿಂದ ಊಟಕ್ಕೆ ಯಾರೂ ಪಕ್ಕ ಕೂರಲ್ವಂತೆ. ಶೂ ಬಚ್ಚಿಟ್ಟು ನಗ್ತಾರಂತೆ. ಚಾಟ್ ತೆಗೆದು ಬರೆದೆ — ನಂದೇ ಮಾತು, ತಪ್ಪುತಪ್ಪು, ಮಾರುದ್ದ. ಶೂ ಹೇಗಿದೆ ಅಂತಾನೂ ಕೇಳಿದೆ.

5.51
"ಕಪ್ಪು. ಒಂದಕ್ಕೆ ಲೇಸ್ ಇಲ್ಲ. ಅಕ್ಕಾ, ನಾಳೆ ಇದೇ ಟೈಮಿಗೆ ಇರ್ತೀರಾ?"

5.56
ಹೆಸರು ತೆಗೆದ್ರೆ ಈ ಚಾಟೂ ಮುಚ್ಚುತ್ತೆ. "ಇರ್ತೀನಿ" ಅಂತ ಹಾಕಿದೆ, ಅಳಿಸಿದೆ. ಗೂಬಕ್ಕನಿಗೇ ಬರೀಬೇಕಾ, ತೆಗೀಬೇಡಿ ಅಂತ? ಅವಳಿಗೆ? ಮಗು ಆನ್‌ಲೈನಲ್ಲೇ ಇದೆ, ಕಾಯ್ತಿದೆ... "ಪುಟ್ಟಾ, ನಾಳೆ ನಾನು..." ಟೈಪ್ ಮಾಡ್ತಿರುವಾಗ್ಲೇ ಆರು ಹೊಡೀತು, ಚಾಟ್ ಮುಚ್ಚಿಹೋಯ್ತು.