ಹಳದಿ ಫ್ರಾಕಿನ ಅಂಚು

ಪ್ರೀತಿಯ ಅಣ್ಣನಿಗೆ,

ನಿಮ್ಮ ಮೊದಲ ಸಿನಿಮಾದಿಂದಲೂ ನಾನು ನಿಮ್ಮ ಅಭಿಮಾನಿ. ಹೊಲಿಗೆ ನನ್ನ ಕಸುಬು. ಮಕ್ಕಳ ಆಸ್ಪತ್ರೆಗೆಂದು ನೀವು ನಡೆಸಿದ ಸಹಾಯಾರ್ಥ ಕಾರ್ಯಕ್ರಮಕ್ಕೆ ಬಂದಿದ್ದೆ. ಕೊನೆಯ ಸಾಲಿನಿಂದ ನೀವು ಹೆಬ್ಬೆರಳಿನಷ್ಟು ಕಾಣುತ್ತಿದ್ದಿರಿ, ದನಿ ಮಾತ್ರ ಪಕ್ಕದಲ್ಲೇ ಕೂತು ಮಾತಾಡಿದಂತಿತ್ತು.

ಗುಣವಾದ ಮಕ್ಕಳ ಫೋಟೊಗಳನ್ನು ಪರದೆಯ ಮೇಲೆ ತೋರಿಸಿದಿರಿ. ಹಳದಿ ಫ್ರಾಕಿನ ಹುಡುಗಿ ಬಂದಾಗ, "ಈ ಪುಟ್ಟಿ ಈಗ ಮೂರನೇ ಕ್ಲಾಸು, ಎಲ್ಲಾ ನಿಮ್ಮ ದಯೆ" ಅಂದಿರಿ. ಆ ಫ್ರಾಕು ನಾನೇ ಹೊಲಿದದ್ದು. ಬೆಳೆಯುವ ಮಗು ಎಂದು ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಮಡಚಿ ಬಿಟ್ಟಿದ್ದೆ. ಬಿಚ್ಚುವ ಕಾಲ ಬರಲಿಲ್ಲ. ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಪಕ್ಕದ ಹೆಂಗಸು, "ಎಷ್ಟು ಮುದ್ದಾಗಿದಾಳೆ, ಅಲ್ವಾ?" ಅಂದರು. "ಹೌದು ಕಣ್ರೀ, ಹಠಾನೂ ಅಷ್ಟೇ" ಅಂದುಬಿಟ್ಟೆ.

ತಪ್ಪು ಹಿಡಿಯಲು ಬರೆಯುತ್ತಿಲ್ಲ ಅಣ್ಣ. ನಿಮ್ಮ ಕಡೆಯವರನ್ನು ಬೈಯಬೇಡಿ, ಆ ಫೋಟೊ ತೆಗೆದುಹಾಕಲೂಬೇಡಿ. ಅದರದೊಂದು ಪ್ರತಿ ಕಳಿಸಿಕೊಟ್ಟರೆ ಉಪಕಾರ. ಆ ನಗು ನಮ್ಮ ಮನೆಯ ಯಾವ ಫೋಟೊದಲ್ಲೂ ಇಲ್ಲ.

ಇನ್ನೊಂದೇ ಮಾತು. ಬರುವ ವರ್ಷವೂ ಅವಳನ್ನು ತೋರಿಸುವುದಾದರೆ, ದಯವಿಟ್ಟು ನಾಲ್ಕನೇ ಕ್ಲಾಸು ಅನ್ನಿ.

ಇಂತಿ,
ಆ ಪುಟ್ಟಿಯ ಅಮ್ಮ